ದೂರದ ಓಟದಲ್ಲಿ ಸ್ತ್ರೀಪ್ರವೇಶ: ಕ್ಯಾಥರೀನ್ ಸ್ವಿಟ್ಜರಳ ವೃತ್ತಾಂತ

ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನ್ ಓಟದಲ್ಲಿ 1967ನೆಯ ಇಸವಿ ಏಪ್ರಿಲ್ 19ರಂದು ತೆಗೆದ ಛಾಯಾಚಿತ್ರವೊಂದು ಲೋಕಪ್ರಸಿದ್ಧವಾಗಿರುವುದು. 261 ಎಂಬ ಸಂಖ್ಯೆಯನ್ನು ಧರಿಸಿದ ತರುಣಿಯೊಬ್ಬಳು ಓಡುತ್ತಿರುವಳು. ಸ್ಪರ್ಧೆಯ ಅಧಿಕಾರಿಯೊಬ್ಬನು ಹಿಂದಿನಿಂದ ನುಗ್ಗಿ ಆ ಸಂಖ್ಯೆಯನ್ನು ಕಿತ್ತುಕೊಳ್ಳಲೆಳಸುತ್ತಿರುವನು. ಆಕೆ ಕ್ಯಾಥರೀನ್ ಸ್ವಿಟ್ಜರ್. ಆತ ಜಾಕ್ ಸೆಂಪಲ್. ಬಾಸ್ಟನ್ನಿನಲ್ಲಿ ಓಡಿದ ಮೊದಲನೆಯ ಹೆಂಗಸು ಈಕೆಯೇ ಎಂದು, ಈ ಚಿತ್ರವನ್ನೇ ನೆಚ್ಚಿ, ಹಲವರು ಬರೆದಿರುವರು. ಅದು ಸರಿಯಲ್ಲ. ಈಕೆಯ ನಿಜವಾದ ಹಿರಿಮೆ ಎಲ್ಲಿದೆಯೆಂಬುದನ್ನು ಗೊತ್ತುಮಾಡಬೇಕಾದರೆ ಮೊದಲು ಈ ಭ್ರಾಂತಿಯನ್ನು ಕಳೆಯಬೇಕು.

ಸ್ತ್ರೀದೇಹವು ದೂರದ ಓಟವನ್ನು ಸಹಿಸಲಾರದೆಂಬ ವಾದಕ್ಕೆ ದೊಡ್ಡ ಆಸರೆಯಾಗಿ ಬಂದುದು 1928ರ ಆಂಸ್ಟರ್‌ಡ್ಯಾಂ ಒಲಿಂಪಿಕ್ ಕ್ರೀಡೆಗಳ ಪ್ರಸಂಗ. ಅಲ್ಲಿ ಸ್ತ್ರೀಯರಿಗಾಗಿ 800 ಮೀಟರ್ ಓಟವನ್ನು ಏರ್ಪಡಿಸಿದ್ದರು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಗೆದ್ದಳು. ಮಾರನೆಯ ದಿನ ಕೆಲವು ವೃತ್ತಪತ್ರಿಕೆಗಳು, ಓಡಿದವರಲ್ಲಿ ಎಷ್ಟೋ ಮಂದಿ ನಡುವೆಯೇ ಕುಸಿದರೆಂದು ಕರುಣಾಜನಕವಾಗಿ ವರ್ಣಿಸಿದುವು. ಕೊನೆಯ ಸುತ್ತಿನಲ್ಲಿ ಓಡಿದವರು ಒಂಬತ್ತು ಮಂದಿ. ಒಂಬತ್ತು ಮಂದಿಯೂ ಗುರಿಮುಟ್ಟಿದ್ದರು. ಓಡಿ ದಣಿದ ಗಂಡಸು ನೆಲಕ್ಕೊರಗಿದರೆ ಶೂರನೆನಿಸುವನು, ಹೆಂಗಸು ಒರಗಿದರೆ ಅಬಲೆಯೆನಿಸುವಳು! ಕಣ್ಣಿಗೆ ಕಂಡುದನ್ನು ಬಿಟ್ಟು ಕಿವಿಗೆ ಬಿದ್ದುದನ್ನು ಪ್ರಮಾಣವೆಂದು ಹಿಡಿದುದರಿಂದ 1960ರವರೆಗೆ ಆ ಓಟವು ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ ಇಲ್ಲವಾಯಿತು.

800 ಮೀಟರಿಗೇ ಹೀಗಾದ ಮೇಲೆ 42 ಕಿಲೋಮೀಟರಿಗೂ ಮಿಕ್ಕ ಮ್ಯಾರಥಾನಿನ ಮಾತೇನು? 1966ರಲ್ಲಿ ಬಾಬಿ ಗಿಬ್ ಎಂಬಾಕೆ ಬಾಸ್ಟನ್ ಓಟಕ್ಕೆ ಅರ್ಜಿ ಹಾಕಿಕೊಂಡಾಗ, ಸ್ತ್ರೀಯರಿಗೆ ಅಷ್ಟು ದೇಹಶಕ್ತಿಯಿಲ್ಲವೆಂದು ತಿರಸ್ಕಾರದ ಉತ್ತರ ಬಂದಿತು. ಗಿಬ್ ಓಟ ಹೊರಡುವ ಸ್ಥಳದ ಬಳಿ ಪೊದೆಯಲ್ಲಿ ಅಡಗಿದ್ದು, ಓಟಗಾರರ ಗುಂಪನ್ನು ಸೇರಿ, 3 ಗಂಟೆ 21 ನಿಮಿಷಗಳಲ್ಲಿ ಗುರಿಮುಟ್ಟಿದಳು. ಬಾಸ್ಟನ್ನಿನ ಪ್ರಾಥಮ್ಯವು ಈಕೆಗೇ ಸಲ್ಲತಕ್ಕದ್ದು. ಇಷ್ಟೇ ಅಲ್ಲ, 1967ರಲ್ಲಿಯೂ ಸಂಖ್ಯೆಯಿಲ್ಲದೆ ಓಡಿದ ಗಿಬ್, ಸ್ವಿಟ್ಜರಳಿಗಿಂತ ಸುಮಾರು ಒಂದು ಗಂಟೆ ಮುಂಚೆಯೇ ಓಟವನ್ನು ಮುಗಿಸಿದ್ದಳು.

ಸ್ವಿಟ್ಜರಳ ವಿಶೇಷವಿರುವುದು ವೇಗದಲ್ಲಲ್ಲ, ಆ ಸಂಖ್ಯೆಯಲ್ಲಿ. ಆಗ ಆಕೆ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ, ವಯಸ್ಸು 20. ಆಕೆಗೆ ಓಟವನ್ನು ಕಲಿಸುತ್ತಿದ್ದ ಆರ್ನಿ ಬ್ರಿಗ್ಸ್ ಎಂಬ ಅಂಚೆಯವನು, ಹೆಂಗಸಿನಿಂದ ಮ್ಯಾರಥಾನ್ ಸಾಧ್ಯವಿಲ್ಲವೆಂದೇ ಮೊದಲು ಹೇಳಿದನು. ಅಭ್ಯಾಸದಲ್ಲಿ ಓಡಿ ತೋರಿಸಿದರೆ ತಾನೇ ಬಾಸ್ಟನ್ನಿಗೆ ಕರೆದೊಯ್ಯುವೆನೆಂದನು. ಇಬ್ಬರೂ 31 ಮೈಲಿ ಓಡಿದರು. ಕೊನೆಯಲ್ಲಿ ಎಚ್ಚರತಪ್ಪಿದವನು ಗುರುವೇ ಎಂದು ಆಕೆಯ ಆತ್ಮಕಥೆಯು ಹೇಳುತ್ತದೆ. ಅನಂತರ ಇಬ್ಬರೂ ನಿಯಮಪುಸ್ತಕವನ್ನು ತೆರೆದು ನೋಡಲು, ಮ್ಯಾರಥಾನಿನ ಪ್ರಕರಣದಲ್ಲಿ ಸ್ತ್ರೀಯರನ್ನು ಹೊರಗಿಡುವ ವಾಕ್ಯವೇ ಕಾಣಲಿಲ್ಲವಂತೆ. ಆಕೆ ತನ್ನ ಬರಹಗಳಿಗೆ ಹಾಕುತ್ತಿದ್ದ ಕೆ. ವಿ. ಸ್ವಿಟ್ಜರ್ ಎಂಬ ಅಂಕಿತವನ್ನೇ ಅರ್ಜಿಗೂ ಹಾಕಿದಳು, ಸಂಖ್ಯೆ ದೊರೆಯಿತು.

ಪ್ರಸಕ್ತಿಯಿಲ್ಲದೆಡೆ ಪ್ರತಿಷೇಧವಿಲ್ಲವೆಂಬುದು ನಮ್ಮ ಶಾಸ್ತ್ರಜ್ಞರ ನ್ಯಾಯ. ಹೆಂಗಸು ಓಡಿಯಾಳೆಂಬ ಶಂಕೆಯೇ ಇಲ್ಲದುದರಿಂದ ಪುಸ್ತಕವು ಸುಮ್ಮನಿದ್ದಿತೆಂದು ನನ್ನ ಊಹೆ. ಪ್ರಸಕ್ತಿ ಒದಗಿದೊಡನೆಯೇ ಪ್ರತಿಷೇಧವೂ ಹುಟ್ಟಿತು. ಸೆಂಪಲ್ಲನನ್ನು ಆಕೆಯ ಗೆಳೆಯನು ಪಕ್ಕಕ್ಕೆ ನೂಕಿದನು. ಆಕೆ ಸುಮಾರು 4 ಗಂಟೆ 20 ನಿಮಿಷಗಳಲ್ಲಿ ಗುರಿಮುಟ್ಟಿದಳು. ಇದಾದ ಬಳಿಕ ಅಮೆರಿಕದ ಅಥ್ಲೆಟಿಕ್ ಒಕ್ಕೂಟವು ಸ್ತ್ರೀಯರು ಪುರುಷರೊಡನೆ ಸ್ಪರ್ಧಿಸಬಾರದೆಂದು ಸ್ಪಷ್ಟವಾಗಿಯೇ ವಿಧಿಸಿತು. ಬಾಸ್ಟನ್ನಿನ ಬಾಗಿಲು ವಿಧ್ಯುಕ್ತವಾಗಿ ತೆರೆದುದು 1972ರಲ್ಲಿ. ಅಂದು ಎಂಟು ಮಂದಿ ಸ್ತ್ರೀಯರು ಓಡಿದರು, ನೀನಾ ಕುಸ್ಸಿಕ್ ಗೆದ್ದಳು, ಸ್ವಿಟ್ಜರ್ ಮೂರನೆಯವಳಾದಳು. 1974ರಲ್ಲಿ ನ್ಯೂಯಾರ್ಕ್ ಮ್ಯಾರಥಾನನ್ನು ಆಕೆ ಗೆದ್ದಳು.

ಆದರೆ ನನ್ನ ಮತದಲ್ಲಿ ಆಕೆಯ ಮುಖ್ಯವಾದ ಕೃತಿಯು ಇವಾವುವೂ ಅಲ್ಲ. 1978ರಿಂದ ಏವನ್ ಎಂಬ ಸೌಂದರ್ಯವಸ್ತುಗಳ ಕಂಪನಿಯ ದ್ರವ್ಯಸಹಾಯದಿಂದ ಆಕೆ ಸ್ತ್ರೀಯರಿಗೇ ಮೀಸಲಾದ ಓಟಗಳನ್ನು ದೇಶದೇಶಗಳಲ್ಲಿ ನಡೆಯಿಸಿದಳು. ಪೂರ್ವಪಕ್ಷದವರು ಕೇಳುತ್ತಿದ್ದುದು, ಓಡಬಲ್ಲ ಹೆಂಗಸರು ಲೋಕದಲ್ಲಿ ಎಷ್ಟು ಮಂದಿ ಎಂದು. ಒಬ್ಬಳ ಸಾಹಸವು ಅದಕ್ಕೆ ಉತ್ತರವಾಗಲಾರದು. ಅದನ್ನು ಅಪವಾದವೆಂದು ತಳ್ಳಿಬಿಡಬಹುದು. 1980ರಲ್ಲಿ ಲಂಡನ್ನಿನ ಏವನ್ ಮ್ಯಾರಥಾನಿಗೆ 27 ದೇಶಗಳ ಓಟಗಾರ್ತಿಯರು ಬಂದರು. ಇದನ್ನು ಅಪವಾದವೆನ್ನಲು ಬಾರದು. ಮರುವರ್ಷವೇ ಒಲಿಂಪಿಕ್ ಸಮಿತಿಯು ಸ್ತ್ರೀಯರ ಮ್ಯಾರಥಾನನ್ನು ಅಂಗೀಕರಿಸಿತು. 1984ರ ಆಗಸ್ಟ್ 5ರಂದು ಲಾಸ್ ಏಂಜಲೀಸಿನಲ್ಲಿ ಜೋನ್ ಬೆನಾಯ್ಟ್ ಅದನ್ನು 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದಾಗ, ಟೆಲಿವಿಷನ್ನಿನಲ್ಲಿ ಆ ಓಟವನ್ನು ವಿವರಿಸುತ್ತಿದ್ದವರಲ್ಲಿ ಸ್ವಿಟ್ಜರಳೂ ಒಬ್ಬಳು.

ಗಿಬ್ಬಳ ವಿಜಯಗಳನ್ನು ಬಾಸ್ಟನ್ನಿನ ಸಂಸ್ಥೆಯು ಮನ್ನಿಸಿದುದು 1996ರಲ್ಲಿ. ಸ್ವಿಟ್ಜರ್ 2017ರಲ್ಲಿ, ತನ್ನ 70ನೆಯ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ ಮತ್ತೆ ಓಡಿದಳು. ಅಂದು ಧರಿಸಿದ್ದುದೂ 261ನ್ನೇ. ಅನಂತರ ಆ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡಕೂಡದೆಂದು ಸಂಸ್ಥೆಯು ನಿಶ್ಚಯಿಸಿತು.