ಅರ್ಥಶಾಸ್ತ್ರದಲ್ಲಿ ಕೃಷಿಕಸ್ತ್ರೀಯೂ ರಾಜಾನುಗ್ರಹವೂ

ಪಂಡಿತ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲೀಯ ಅರ್ಥಶಾಸ್ತ್ರವು ರಾಜಕೋಶಕ್ಕೂ ಕೃಷಿಗೂ ಇರುವ ಸಂಬಂಧವನ್ನು ವಿಶದವಾಗಿ ನಿರೂಪಿಸುತ್ತದೆ. ಜನಪದನಿವೇಶ ಪ್ರಕರಣದಲ್ಲಿ, ಅರಸನು ಕೃಷಿಕರಿಗೆ ಧಾನ್ಯ, ಪಶು, ಹಿರಣ್ಯಗಳನ್ನಿತ್ತು ಅನುಗ್ರಹಿಸಬೇಕೆಂದೂ, ಅವರು ಅದನ್ನು ತಮಗೆ ಅನುಕೂಲವಾದಂತೆ ಹಿಂದಿರುಗಿಸಬೇಕೆಂದೂ ವಿಧಿಯುಂಟು. ಈ ವಿಧಿಯಲ್ಲಿ ಸ್ತ್ರೀಯರ ಪ್ರತ್ಯೇಕ ನಿರ್ದೇಶವಿಲ್ಲ. ಆದರೆ ಋಣಾದಾನ ಪ್ರಕರಣದಲ್ಲಿ ಕೃಷಿಕಸ್ತ್ರೀಯು ಕಾಣಿಸಿಕೊಳ್ಳುತ್ತಾಳೆ. ಪತಿಯು ಮಾಡಿದ ಸಾಲಕ್ಕೆ ಸಮ್ಮತಿಯನ್ನೀಯದ ಪತ್ನಿಯು ಹೊಣೆಗಾರಳಲ್ಲ. ಗೋಪಾಲಕರ ಮತ್ತು ಅರ್ಧಸೀತಿಕರ, ಎಂದರೆ ಅರ್ಧಪಾಲಿಗೆ ಉಳುವವರ, ಪತ್ನಿಯರು ಮಾತ್ರ ಹೊಣೆಗಾರರು. ಅಂಥ ಮನೆಗಳ ಜೀವನವು ದಂಪತಿಗಳಿಬ್ಬರ ದುಡಿಮೆಯಿಂದಲೇ ಸಾಗುತ್ತಿದ್ದುದು ಈ ಅಪವಾದಕ್ಕೆ ಕಾರಣವೆಂದು ಊಹಿಸಬಹುದು. ಹೀಗೆ ಆಕೆಯ ದುಡಿಮೆಯು ಸಾಲದ ಲೆಕ್ಕಕ್ಕೆ ಬಂದಿತು. ಅನುಗ್ರಹದ ಲೆಕ್ಕಕ್ಕೆ ಬರಲಿಲ್ಲ.

ಈ ವೈಷಮ್ಯವು ಪ್ರಾಚೀನಕಾಲದೊಡನೆಯೇ ಮುಗಿಯಲಿಲ್ಲ. ಭಾರತಸರ್ಕಾರದ ಆಯವ್ಯಯದೊಡನೆ 2005-06ರಿಂದ ಸ್ತ್ರೀಯರಿಗಾಗಿ ಮಾಡುವ ವೆಚ್ಚದ ವಿವರಪತ್ರವು ಮಂಡಿತವಾಗುತ್ತಿದೆ. 2007ರ ರಾಷ್ಟ್ರೀಯ ಕೃಷಿಕನೀತಿಯು ಗೇಣಿದಾರರನ್ನೂ ಕೃಷಿಕಾರ್ಮಿಕರನ್ನೂ ಕೃಷಿಕರೆಂದೇ ಪರಿಗಣಿಸಿತು. ಆದರೂ 2019ರಲ್ಲಿ ಆರಂಭವಾದ, ವರ್ಷಕ್ಕೆ 6,000 ರೂಪಾಯಿಗಳ ಕಿಸಾನ್ ಸಮ್ಮಾನ್ ಧನವು ಭೂದಾಖಲೆಯನ್ನೇ ಅನುಸರಿಸುತ್ತದೆ. ಆದಕಾರಣ ಆಯವ್ಯಯದಲ್ಲಿ ಭೂಪತ್ರದಂತೆ ದುಡಿಮೆಯೂ ಪ್ರಮಾಣವೆಂದು ಅಂಗೀಕೃತವಾಗದ ಹೊರತು, ಸಣ್ಣ ಹಿಡುವಳಿಯ ಕೃಷಿಕಸ್ತ್ರೀಗೆ ರಾಜಾನುಗ್ರಹವು ನೇರವಾಗಿ ತಲುಪಲಾರದು.