ಬಿಟ್‌ಕಾಯಿನ್ ಲೆಕ್ಕದ ಪುಸ್ತಕದಲ್ಲಿ ಬೇರೆ ಬರಹ

ಬಿಟ್‌ಕಾಯಿನ್ ಅಂದ್ರೆ ಬರೀ ದುಡ್ಡಿನ ಲೆಕ್ಕ ಅಂದುಕೊಂಡಿದ್ದೀರಾ? ಅದರ ಮೊದಲನೇ ಬ್ಲಾಕ್‌ನಲ್ಲೇ ಲೆಕ್ಕಕ್ಕೆ ಸಂಬಂಧಪಡದ ಸಾಲೊಂದಿದೆ: 2009ರ ಜನವರಿ 3ರ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹ. ಸೇರಿಸಿದವನು ಸತೋಶಿ ನಕಾಮೊಟೊ. ಅದೇ ಸತೋಶಿ, 2010ರ ಡಿಸೆಂಬರ್‌ನಲ್ಲಿ ವೆಬ್ ಹೆಸರುಗಳ ನೋಂದಣಿಯನ್ನೂ ಇದಕ್ಕೇ ತುಂಬೋಣ ಅನ್ನೋ ಮಾತು ಬಂದಾಗ ಒಪ್ಪಲಿಲ್ಲ. ಒಂದೇ ಬೇಕಾದವರು ಎರಡನ್ನೂ ಯಾಕೆ ಹೊರಬೇಕು ಅನ್ನೋದು ಅವನ ವಾದ.

ಬರೆಯುವವನು ಒಂದು ಸಲ ಶುಲ್ಕ ಕಟ್ಟಿ ಹೋಗ್ತಾನೆ. ಇಟ್ಟುಕೊಳ್ಳುವ ಖರ್ಚು ಮಾತ್ರ ಪೂರ್ತಿ ಪ್ರತಿ ಇರುವ ಎಲ್ಲಾ ಕಂಪ್ಯೂಟರ್‌ಗಳದ್ದು. ಬಾದಾಮಿಯಲ್ಲಿ ಸುಮಾರು 700ನೇ ಇಸವಿಯ ಹೊತ್ತಿಗೆ ಕಪ್ಪೆ ಅರಭಟ್ಟನನ್ನು ಹೊಗಳಿ ಕೆತ್ತಿದವರಿಗೆ ಒಂದು ಬಂಡೆ ಸಾಕಾಯ್ತು. ಇಲ್ಲಿ ಕೆತ್ತಿದ್ದು ಮೆಲ್ಬರ್ನ್‌ನಲ್ಲಿ ಯಾರದೋ ಮನೆಯ ಹಾರ್ಡ್ ಡಿಸ್ಕಿಗೂ ಬಂದು ಕೂರುತ್ತೆ.

ಜನ ಕೇಳ್ತಾರಾ? ಸುಳ್ಳು ವಿಳಾಸಗಳಲ್ಲಿ ಮಾಹಿತಿ ಅಡಗಿಸೋಕೆ ಶುರುಮಾಡಿದರು. ಅಂಥ ವಿಳಾಸದ ಹಣ ಯಾವತ್ತೂ ಖರ್ಚಾಗಲ್ಲ, ಹಾಗಾಗಿ ಉಳಿದ ಹಣದ ಪಟ್ಟಿಯಿಂದ ಅದನ್ನು ತೆಗೆಯೋಕೂ ಆಗಲ್ಲ. ಇದನ್ನು ತಪ್ಪಿಸಲು 2014ರಲ್ಲಿ ಓಪಿ ರಿಟರ್ನ್ ಅನ್ನೋ ಜಾಗ ಬಿಟ್ಟುಕೊಟ್ಟರು: 40 ಬೈಟ್, ಆಮೇಲೆ 80. ಯುಟಿಎಫ್-8ರಲ್ಲಿ ‘ಕರ್ನಾಟಕ’ ಬರೆಯೋಕೆ 21 ಬೈಟ್ ಬೇಕು, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 9. ಆ 40ರಲ್ಲಿ ನಮ್ಮ ನಾಡಿನ ಹೆಸರನ್ನು ಎರಡು ಸಲ ಬರೆಯೋಕೂ ಆಗ್ತಿರಲಿಲ್ಲ!

ಈ ಜಗಳದಲ್ಲಿ ಸಿಡ್ನಿಯ ಹೆಸರೂ ಬರುತ್ತೆ. ಅಲ್ಲಿದ್ದ ಕ್ರೇಗ್ ರೈಟ್ ತಾನೇ ಸತೋಶಿ ಅಂತ 2016ರಲ್ಲಿ ಹೇಳಿಕೊಂಡ. 2018ರಲ್ಲಿ ಒಡೆದು ಬೇರೆಯಾದ ಅವನ ಬಣದ ಬಿಎಸ್‌ವಿ, ಏನು ಬೇಕಾದರೂ ತುಂಬಿ ಅಂದಿತು. 2019ರ ಆರಂಭದಲ್ಲಿ ಅದರೊಳಗೆ ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು ಸಿಕ್ಕವು. ಅಳಿಸಲಾಗದ ಪುಸ್ತಕ ಅನ್ನೋ ಹೆಮ್ಮೆಗೆ ಇದಕ್ಕಿಂತ ಕೆಟ್ಟ ಉತ್ತರ ಇಲ್ಲ. (ಅವನು ಸತೋಶಿ ಅಲ್ಲ ಅಂತ ಲಂಡನ್ ಹೈಕೋರ್ಟ್ 2024ರಲ್ಲಿ ತೀರ್ಪು ಕೊಟ್ಟಿತು.)

2023ರಲ್ಲಿ ಆರ್ಡಿನಲ್ಸ್ ಬಂದು, ಸಹಿ ಇರುವ ಭಾಗದಲ್ಲಿ ಚಿತ್ರಗಳನ್ನೇ ಇಡೋಕೆ ದಾರಿಯಾಯ್ತು. 2025ರ ಅಕ್ಟೋಬರ್‌ನಲ್ಲಿ ಬಿಟ್‌ಕಾಯಿನ್ ಕೋರ್‌ನ 30ನೇ ಆವೃತ್ತಿ 80 ಬೈಟಿನ ಮಿತಿಯನ್ನು 1,00,000ಕ್ಕೆ ಏರಿಸಿತು. ಒಪ್ಪದವರು ನಾಟ್ಸ್ ಅನ್ನೋ ತಂತ್ರಾಂಶದ ಕಡೆ ಹೋದರು. ಕಟ್ಟುನಿಟ್ಟು ಮಾಡಿದರೆ ಜನ ಮತ್ತೆ ಸುಳ್ಳು ವಿಳಾಸಕ್ಕೇ ಹೋಗ್ತಾರೆ ಅನ್ನೋ ಕೋರ್ ವಾದ ನನಗೆ ಸರಿ ಅನ್ಸುತ್ತೆ. ಆದರೆ ಖರ್ಚು ಯಾರದು ಅಂತ ನಾಟ್ಸ್‌ನವರು ಕೇಳೋದಕ್ಕೆ ಅದು ಉತ್ತರ ಅಲ್ಲ.

ಅಜ್ಜನ ಪತ್ರವನ್ನು ಚೈನ್‌ಗೆ ಹಾಕಲಾ ಅಂತ ಇಲ್ಲಿನ ಗೆಳೆಯರು ಕೇಳ್ತಿರ್ತಾರೆ. ಪತ್ರ ಬೇಡ, ಅದರ ಹ್ಯಾಶ್ ಹಾಕಿ ಅಂತೀನಿ. ಅದು ಬೆರಳಚ್ಚಿನ ಹಾಗೆ. ಪತ್ರ ಎಷ್ಟೇ ಉದ್ದ ಇರಲಿ, 32 ಬೈಟ್. ಅವತ್ತು ಈ ಪತ್ರ ಹೀಗೇ ಇತ್ತು ಅಂತ ಮುಂದೆ ತೋರಿಸಬಹುದು. ಪತ್ರವೇ ಕಳೆದುಹೋದರೆ ಮಾತ್ರ ಹ್ಯಾಶ್‌ನಿಂದ ಒಂದಕ್ಷರವೂ ವಾಪಸ್ ಬರಲ್ಲ. ಸ್ಕ್ಯಾನ್ ಮಾಡಿ ಅಣ್ಣತಮ್ಮಂದಿರ ಹತ್ರವೂ ಒಂದೊಂದು ಪ್ರತಿ ಇಡಿ.