ಕೇಳಿದ್ದು ಇಪ್ಪತ್ತು, ಇದ್ದದ್ದು ಎರಡು

ಅಮೆರಿಕದ ಅಂತರ್ಯುದ್ಧ ಗೆದ್ದ ಸೇನಾಪತಿ, ಮುಂದೆ ಅಧ್ಯಕ್ಷನೂ ಆದ ಯುಲಿಸಿಸ್ ಗ್ರಾಂಟ್ 1885ರ ತನ್ನ ಆತ್ಮಕಥೆಯಲ್ಲಿ ಒಂದು ತಮಾಷೆಯ ಪ್ರಸಂಗ ಹೇಳುತ್ತಾನೆ. 1846ರ ಮೆಕ್ಸಿಕೊ ಯುದ್ಧಕ್ಕೆ ಸ್ವಲ್ಪ ಮುಂಚೆ, ಟೆಕ್ಸಾಸಿನ ಹುಲ್ಲುಗಾವಲಿನಲ್ಲಿ ಕುದುರೆಯ ಮೇಲೆ ಹೋಗುತ್ತಿದ್ದಾಗ ಎದುರಿಗೇ ಭಯಂಕರ ಊಳು. ಎಷ್ಟಿರಬಹುದು ಅಂತ ಜೊತೆಗಾರ ಕೇಳಿದ. ತಾನೇನು ಕಮ್ಮಿ ತಿಳಿದವನಲ್ಲ ಅಂತ ತೋರಿಸಲು ಗ್ರಾಂಟ್ ಬೇಕೆಂದೇ ಲೆಕ್ಕ ತಗ್ಗಿಸಿ "ಒಂದಿಪ್ಪತ್ತು" ಅಂದ. ಹತ್ತಿರ ಹೋಗಿ ನೋಡಿದರೆ ಎರಡೇ ಎರಡು!

ಅವು ತೋಳಗಳು ಅಂತ ಅವನು ಬರೆದಿದ್ದಾನೆ. ಅದರ ಚಿಕ್ಕ ದಾಯಾದಿ ಕಯೋಟಿಗೂ ಈ ವಿದ್ಯೆ ಚೆನ್ನಾಗಿ ಗೊತ್ತು. ನೋಡಲು ಹೆಚ್ಚುಕಮ್ಮಿ ನಮ್ಮ ಗುಳ್ಳೆನರಿಯ ಹಾಗೆ. 1823ರಲ್ಲಿ ಥಾಮಸ್ ಸೇ ಇಟ್ಟ ಶಾಸ್ತ್ರೀಯ ಹೆಸರಿನ ಅರ್ಥವೇ ಬೊಗಳುವ ನಾಯಿ. ಗಂಡು ಹೆಣ್ಣು ಕೂಡಿ ಊಳಿಡುವಾಗ ಸ್ವರ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಗುಡ್ಡ ಮರಗಳಿಗೆ ಬಡಿದು ಮರಳುತ್ತದೆ. ಕೇಳುವವರಿಗೆ ದೊಡ್ಡ ಹಿಂಡೇ ಬಂದ ಹಾಗೆ.

ಇದಕ್ಕೆ ವಿಜ್ಞಾನಿಗಳು ಕೊಟ್ಟ ಹೆಸರು 'ಬೋ ಜೆಸ್ಟ್' ಪರಿಣಾಮ. 1977ರಲ್ಲಿ ಜಾನ್ ಕ್ರೆಬ್ಸ್ ಇದನ್ನು ಮೊದಲು ಹಕ್ಕಿಗಳ ಹಾಡಿಗೆ ಬಳಸಿದರು. 1924ರ ಒಂದು ಕಾದಂಬರಿಯ ಹೆಸರು ಅದು. ಅದರಲ್ಲಿ ಸತ್ತ ಸಿಪಾಯಿಗಳನ್ನು ಕೋಟೆಯ ಗೋಡೆಗೆ ಒರಗಿಸಿ ನಿಲ್ಲಿಸಿ ಶತ್ರುವಿಗೆ ಸೈನ್ಯ ತುಂಬಿದೆ ಅನ್ನಿಸುತ್ತಾರೆ. ಬರೆದವನು ಯಾರು ಗೊತ್ತೇ? ಪಿ. ಸಿ. ರೆನ್. ಹೌದು, ನಾವೆಲ್ಲ ಶಾಲೆಯಲ್ಲಿ ಉರುಹೊಡೆದ ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ರೆನ್! ಬೊಂಬಾಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವನು. ಈ ಮುಂಬಯಿಯಲ್ಲಿ ಇಷ್ಟು ವರ್ಷ ಇರುವ ನನಗೆ ಅದನ್ನು ಓದಿ ಖುಷಿಯೋ ಖುಷಿ.

ಆದರೆ ಕಯೋಟಿಗಳ ಕಥೆ ಬರೀ ತಮಾಷೆಯಲ್ಲ. ಕುರಿ ಸಾಕುವವರ ಒತ್ತಾಯಕ್ಕೆ 1931ರಲ್ಲಿ ಕಾನೂನೇ ಬಂತು. ಬೋನು, ಬಂದೂಕು, ವಿಷ, ಎಲ್ಲಾ ಆಯಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಭೂಮಿಯಲ್ಲಿ ವಿಷ ಹಾಕುವುದನ್ನು ನಿಲ್ಲಿಸಿದರು. ಅಷ್ಟು ಕೊಂದರೂ ಪಶ್ಚಿಮದ ಬಯಲಿನ ಈ ಪ್ರಾಣಿ ಅಟ್ಲಾಂಟಿಕ್ ತೀರದ ತನಕ ಹಬ್ಬಿತು.

ಯಾಕೆ? ಬ್ಯಾಂಕಿನವನಾಗಿ ನನಗೆ ಕುತೂಹಲ ಇರುವುದು ಇಲ್ಲೇ. ಊಳಿಡುವುದು ಹೆಚ್ಚಾಗಿ ಸ್ವಂತ ಸರಹದ್ದು ಇರುವ ಜೋಡಿಗಳು. ಜಾಗವಿಲ್ಲದೆ ಅಲೆಯುವ ಒಂಟಿಗಳು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಅಂದರೆ ಸದ್ದು ಕೇಳಿ ಬರೆದ ಲೆಡ್ಜರಿನಲ್ಲಿ ಎರಡು ಇಪ್ಪತ್ತಾಗುತ್ತದೆ, ಸುಮ್ಮನಿದ್ದವು ಎಂಟ್ರಿಯೇ ಆಗುವುದಿಲ್ಲ! ಸದ್ದು ಮಾಡಿದ ಜೋಡಿಯನ್ನು ಕೊಂದರೆ ಸುಮ್ಮನಿದ್ದವು ಬಂದು ಆ ಜಾಗ ಹಿಡಿಯುತ್ತವೆ. ಊಳು ಹೇಳುವುದು ಎಷ್ಟಿವೆ ಅಂತಲ್ಲ, ಜಾಗ ಯಾರದು ಅಂತ.

ಶಿಕಾಗೋ ಸುತ್ತಮುತ್ತ 2000ದಲ್ಲಿ ಶುರುವಾದ ಅಧ್ಯಯನದಲ್ಲಿ ಕಿವಿಯನ್ನಷ್ಟೇ ನಂಬದೆ ಅವುಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಒಂದೊಂದರ ಜಾಡು ಹಿಡಿದರು.